ಏಳು ಬೀಗದ ಕಪಾಟು ಮತ್ತು ನನ್ನ ಪಾಸ್‌ಪೋರ್ಟ್

ಅಂಥ ದೇಶವೇ ಇಲ್ಲ ಎಂದವರು ನಮ್ಮ ದೊಡ್ಡಪ್ಪ.

ಅತನೂರಿನ ಮನೆಯ ಪಡಸಾಲೆಯಲ್ಲಿ ಕೂತು, ನನ್ನ ತಮ್ಮ ಶಾಲೆಗೆ ಹೋಗುತ್ತಿದ್ದಾಗ ಕೊಂಡಿದ್ದ ಹರಕು ಅಟ್ಲಾಸನ್ನು ತೊಡೆಯ ಮೇಲಿಟ್ಟುಕೊಂಡು, ಬೆರಳಿನಿಂದ ಯುರೋಪನ್ನೆಲ್ಲ ತಡಕಾಡಿ ಅವರು ಈ ತೀರ್ಮಾನಕ್ಕೆ ಬಂದಿದ್ದರು. ಸ್ಪೇನ್ ಸಿಕ್ಕಿತು. ಫ್ರಾನ್ಸ್ ಸಿಕ್ಕಿತು. ಎರಡರ ನಡುವೆ ಕಂದು ಬಣ್ಣದ ಪಟ್ಟಿಯೊಂದಿತ್ತು.

"ಇಲ್ಲಿ ಗುಡ್ಡ ಅದ. ದೇಶ ಎಲ್ಲದ ತೋರಸು."

"ಆ ಗುಡ್ಡದಾಗೇ ಅದರಿ ದೊಡ್ಡಪ್ಪ."

"ಗುಡ್ಡದಾಗ ಕುರಿ ಇರ್ತಾವ, ದೇಶ ಇರೂದಿಲ್ಲ. ಹೆಸರೇನಂದಿ?"

"ಆಂಡೊರಾ."

ಅವರು ಆ ಹೆಸರನ್ನು ಬಾಯಲ್ಲಿ ಒಂದು ಸುತ್ತು ತಿರುಗಿಸಿದರು. "ಯಾವನೋ ಕುಂತು ಕಟ್ಟಿದ ಹೆಸರಿದ್ದಂಗ ಅದ. ನೋಡು ಯವ್ವಾ, ಇದು ಆಗೂ ಮಾತಲ್ಲ, ಹೋಗೂ ಮಾತಲ್ಲ. ನಾಳಿ ಫೋನ್ ಮಾಡಿ ಆಧಾರ್ ನಂಬರ್ ಕೇಳ್ತಾರ, ತಿಳೀತಿಲ್ಲ?"

ನಾನು ಆಳಂದದಲ್ಲಿ ಸೋದರತ್ತೆಯ ಮನೆಯಲ್ಲಿದ್ದುಕೊಂಡು ಬಿ.ಎ. ಸೇರಿದಾಗಲೂ ಆಗದ ಮಾತು ಎಂದವರು ಇವರೇ. ಆಯಿತು. ಎಂ.ಎ. ಆಯಿತು. ನಮ್ಮ ಮನೆತನದಲ್ಲಿ ಪದವಿಯ ಮೊದಲ ಕಾಗದ ನನ್ನದು, ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆದರೆ ಈ ಸಲ ದೊಡ್ಡಪ್ಪನ ಮಾತನ್ನು ತೆಗೆದುಹಾಕುವ ಧೈರ್ಯ ನನಗೂ ಇರಲಿಲ್ಲ. ಆಗ ನಮ್ಮ ಕಡೆ ಫೋನಿನಲ್ಲಿ ಮೋಸ ಹೋಗದ ಊರೇ ಉಳಿದಿರಲಿಲ್ಲ. ಚೌಡಾಪುರದ ಕಿರಾಣಿ ಅಂಗಡಿಯವನಿಗೆ ಕಾರು ಬಹುಮಾನ ಬಂದಿದೆ ಎಂದು ಹೇಳಿ, ಅವನು ಅಂಗಡಿಯ ಮುಂದೆ ಕಾರು ನಿಲ್ಲಿಸಲು ಜಾಗ ತೆರವು ಮಾಡಿ ಕಾಯುವಂತೆ ಮಾಡಿದ್ದರು. ಅಂಥ ದಿನಗಳಲ್ಲಿ ನನಗೊಂದು ಮಿಂಚಂಚೆ ಬಂತು: ಬೇರೆ ಬೇರೆ ದೇಶಗಳ ಇತಿಹಾಸದ ಮಾಸ್ತರರಿಗೆ ಎರಡು ವಾರದ ತರಬೇತಿ, ಹಳೆಯ ಊರುಗಳ ಕರಾರುಪತ್ರಗಳನ್ನು ಓದುವುದು ಹೇಗೆ ಎಂಬುದರ ಬಗ್ಗೆ, ವಿಮಾನ, ಕೋಣೆ, ಊಟ ಎಲ್ಲ ಅವರದೇ. ನಾನೇ ಅರ್ಜಿ ಹಾಕಿದ್ದೆ, ನಿಜ. ಭೀಮಾ ದಂಡೆಯ ಊರುಗಳು ಗಡಿಗಾಗಿ ಮಾಡಿಕೊಂಡ ಹಳೆಯ ಕರಾರುಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದೆನಾದ್ದರಿಂದ ಕಂಡ ಕಂಡಲ್ಲಿ ಅರ್ಜಿ ಹಾಕುತ್ತಿದ್ದೆ. ಆದರೆ ಅರ್ಜಿ ಹಾಕಿದ ಮಾತ್ರಕ್ಕೆ ಕೊಡುತ್ತಾರೆಂದರೆ ಅದನ್ನು ಹೇಗೆ ನಂಬುವುದು?

ಅವ್ವ ಒಲೆಯ ಮುಂದಿನಿಂದ ಏಳದೆಯೇ ಹೇಳಿದಳು. "ಪುಕ್ಕಟ ಕರಿಯೋರು ಮೊದಲ ಕರೀತಾರ, ಆಮ್ಯಾಲ ಕೇಳ್ತಾರ."

ನಮ್ಮ ಮನೆಯ ಸಂಶಯಕ್ಕೆ ಒಂದು ಹುಟ್ಟು ಇದೆ, ಅದನ್ನಿಲ್ಲಿ ಹೇಳಬೇಕು. ಸೊನ್ನದಲ್ಲಿ ಬ್ಯಾರೇಜು ಕಟ್ಟಿ ನೀರು ನಿಂತ ಮೇಲೆ ನಮ್ಮ ಹೊಲದ ಒಂದು ತುಂಡು ನದಿಗೆ ಹೋಯಿತು. ಹೊಲ ನಮ್ಮದೇ ಎಂದು ತೋರಿಸುವ ಹಳೆಯ ಕಾಗದ ಒಂದೇ ಒಂದಿತ್ತು, ಅಜ್ಜನ ಕಾಲದ್ದು, ಉರ್ದುವಿನಲ್ಲಿ ಬರೆದದ್ದು. ಯಾವುದೋ ಕಚೇರಿಯಲ್ಲಿ ಯಾರೋ ಒಬ್ಬರು ಕೇಳಿದರು, ಅಪ್ಪ ಕೊಟ್ಟ. "ನಾಳೆ ಬಾ" ಎಂದರು. ನಾಳೆ ಹೋದರೆ ಆ ಕುರ್ಚಿಯಲ್ಲಿ ಬೇರೆಯವರಿದ್ದರು, ಅವರಿಗೆ ಕಾಗದದ ಸುದ್ದಿಯೇ ತಿಳಿಯದು. ಆ ಒಂದು ಕಾಗದ ಹುಡುಕಿಕೊಂಡು ಅಪ್ಪ ಎಷ್ಟು ಸಲ ಅಫಜಲಪುರಕ್ಕೆ ಹೋದನೋ ನಾನು ಎಣಿಸಿಲ್ಲ. ಅವನು ತೀರಿಕೊಂಡು ಒಂಬತ್ತು ವರ್ಷವಾಯಿತು. ಅಕ್ಷರ ಬಾರದ ಮನುಷ್ಯ ನನಗೆ ಓದಿನ ಬಗ್ಗೆ ಹೇಳಿಕೊಟ್ಟದ್ದು ಒಂದೇ ಮಾತು: "ಕಾಗದ ಕೈ ಬಿಟ್ಟರ ಅದಕ್ಕ ಕಾಲ ಬರ್ತಾವ." ಅಂದಿನಿಂದ ನಾನು ಯಾರಿಗೂ ಒರಿಜಿನಲ್ ಕೊಟ್ಟವಳಲ್ಲ. ಅಂಕಪಟ್ಟಿ ಪರಿಶೀಲನೆ ಎಂದರೆ ಕಾಗದದ ಆಚೆ ಬದಿಯ ತುದಿಯನ್ನು ಅವರು ಹಿಡಿಯಬೇಕು, ಈಚೆ ಬದಿಯ ತುದಿ ನನ್ನ ಕೈಯಲ್ಲಿರಬೇಕು.

ಜೇವರ್ಗಿಯ ಒಂದು ಕಾಲೇಜಿನಲ್ಲಿ ನಾನು ಅತಿಥಿ ಉಪನ್ಯಾಸಕಿ. ಹೆಸರಿಗೆ ಅತಿಥಿ, ಅತಿಥಿಗೆ ರಜೆಯಿಲ್ಲ. ಪ್ರಿನ್ಸಿಪಾಲರು ಪತ್ರವನ್ನು ಎರಡು ಸಲ ಓದಿ, ಕೆಳಗಿನ ಮುದ್ರೆಯನ್ನು ಉಗುರಿನಿಂದ ಕೆರೆದು ನೋಡಿದರು.

"ಹೋಗಿ ಬರ್ರಿ ಮೇಡಂ, ಬ್ಯಾಡ ಅನ್ನಂಗಿಲ್ಲ. ಸರ್ಟಿಫಿಕೇಟ್ ತಂದ್ರ ತರಬೇತಿ ಅಂತ ಬರಕೋತೇನಿ. ತರಲಿಲ್ಲಂದ್ರ ಎರಡು ವಾರ ಗೈರುಹಾಜರಿ. ಮುಂದಿನ ವರ್ಷದ ಲಿಸ್ಟಿನ್ಯಾಗ ನಿಮ್ಮ ಹೆಸರು ಇರೂದಿಲ್ಲ. ಆಮ್ಯಾಲ ನನಗ ಅನಬ್ಯಾಡ್ರಿ."

ಹೀಗಾಗಿ ಇಡೀ ಪ್ರವಾಸ ಒಂದು ಸರ್ಟಿಫಿಕೇಟಿನ ಮೇಲೆ ನಿಂತಿತು. ಅದು ಬಂದರೆ ನೌಕರಿ, ಬಾರದಿದ್ದರೆ ಅತನೂರಿನ ಪಡಸಾಲೆ ಮತ್ತು ದೊಡ್ಡಪ್ಪನ ಅಟ್ಲಾಸು.

ವೀಸಾಕ್ಕೆ ಹೈದರಾಬಾದಿಗೆ ಹೋದೆ. ಆಂಡೊರಾದಲ್ಲಿ ವಿಮಾನ ನಿಲ್ದಾಣವೂ ಇಲ್ಲ, ರೈಲೂ ಇಲ್ಲ. ಸ್ಪೇನಿನಲ್ಲಿಳಿದು ಬಸ್ಸಿನಲ್ಲಿ ಗುಡ್ಡ ಹತ್ತಬೇಕು. ಒಳಗೆ ಹೋದರೆ ಸ್ಪೇನ್ ಬಿಟ್ಟಂತೆ. ತಿರುಗಿ ಬರಲು ಸ್ಪೇನಿನೊಳಕ್ಕೆ ಇನ್ನೊಮ್ಮೆ ಪ್ರವೇಶ ಬೇಕು. "ಎರಡು ಸಲ ಯಾಕೆ ಬರುತ್ತೀರಿ?" ಎಂದು ಕೌಂಟರಿನಾಕೆ ಕೇಳಿದಳು. ಹೇಳಿದೆ. "ಅಲ್ಲಿಗೆ ಜನ ಹಿಮದಲ್ಲಿ ಜಾರಲು ಹೋಗುತ್ತಾರೆ, ಸೆಂಟು ಕೊಳ್ಳಲು ಹೋಗುತ್ತಾರೆ. ಓದಲು ಹೋಗುವವರನ್ನು ನಾನು ನೋಡಿಲ್ಲ" ಎಂದು ನನ್ನನ್ನು ಕೆಳಗಿನಿಂದ ಮೇಲೆ ನೋಡಿದಳು. ಪಾಸ್‌ಪೋರ್ಟು ಮೂರು ವಾರ ಅವರಲ್ಲೇ ಉಳಿಯಬೇಕಾಯಿತು. ರಸೀದಿ ಕೊಟ್ಟರೆಂದು ಒಪ್ಪಿದೆ. ಆ ಮೂರು ವಾರ ಪಾಠ ಮಾಡುವಾಗಲೂ ನನ್ನ ಕೈ ಬ್ಯಾಗಿನಲ್ಲಿದ್ದ ರಸೀದಿಯ ಮೇಲೇ ಇತ್ತು. ಅದು ತಿರುಗಿ ಬಂದ ದಿನ ಅವ್ವ ದಪ್ಪ ಬಟ್ಟೆಯಲ್ಲಿ ಒಂದು ಚಂಚಿ ಹೊಲಿದಳು. ನಮ್ಮ ಹೆಣ್ಣುಮಕ್ಕಳು ಎಲೆ ಅಡಿಕೆಗಾಗಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಚೀಲವದು, ಲಾಡಿ ಜಗ್ಗಿದರೆ ಬಾಯಿ ಮುಚ್ಚುತ್ತದೆ. ಅದರೊಳಗೆ ಪಾಸ್‌ಪೋರ್ಟು ಇಟ್ಟು ಎರಡು ಗಂಟು ಹಾಕಿದಳು.

"ಇದನ್ನ ಮೈಮ್ಯಾಲಿಂದ ತಗೀಬ್ಯಾಡ. ಜಳಕದಾಗೂ ಕಣ್ಣ ಮುಂದ ಇರ್ಲಿ."

ಸ್ಪೇನಿನಿಂದ ಬಸ್ಸು ಮೂರು ತಾಸಿಗೂ ಹೆಚ್ಚು ಹೊತ್ತು ಏರಿತು. ಗಡಿಯಲ್ಲಿ ನಿಂತಾಗ ಒಬ್ಬ ಪೊಲೀಸ್ ಹತ್ತಿ, ಎಲ್ಲರ ಮುಖ ನೋಡಿ ಇಳಿದುಬಿಟ್ಟ. ಕಾಗದ ಕೇಳಲಿಲ್ಲ. ಕಾಗದ ಕೇಳದ ಸರಕಾರವೆಂದರೆ ನನಗೆ ಇನ್ನಷ್ಟು ಅನುಮಾನ. ಅಫಜಲಪುರ ತಾಲೂಕಿನ ಅರ್ಧದಷ್ಟೂ ಇಲ್ಲದ ಆ ದೇಶ ಒಂದು ಇಕ್ಕಟ್ಟಾದ ಕಣಿವೆಯಲ್ಲಿತ್ತು. ಎರಡೂ ಬದಿಗೆ ಗುಡ್ಡ, ನಡುವೆ ಹೊಳೆ, ಹೊಳೆಯ ಪಕ್ಕ ಗಾಜಿನ ಅಂಗಡಿಗಳು. ನಮ್ಮ ಬಯಲು ಸೀಮೆಯಲ್ಲಿ ಎರಡು ಹರದಾರಿ ದೂರದಿಂದ ಬರುವವರು ಕಾಣುತ್ತಾರೆ. ಇಲ್ಲಿ ಮುಂದಿನ ತಿರುವಿನಲ್ಲಿ ಯಾರಿದ್ದಾರೆಂದು ತಿಳಿಯದು.

ವಸತಿಗೃಹದಲ್ಲಿ ನನ್ನ ಜೊತೆಗಿದ್ದವಳು ಪೋರ್ಚುಗಲ್ಲಿನ ಒಬ್ಬ ಶಿಕ್ಷಕಿ. ಮೊದಲ ದಿನವೇ ನಾನು ಪೆಟ್ಟಿಗೆಯನ್ನು ಲಂಗದ ಲಾಡಿಯಿಂದ ಮಂಚದ ಕಾಲಿಗೆ ಕಟ್ಟಿದೆ. ಅವಳು ನೋಡಿದಳು. ಮರುದಿನ ನೋಡಿದರೆ ಅವಳ ಪೆಟ್ಟಿಗೆಗೂ ಹೊಸ ಬೀಗ. "ಇಲ್ಲಿ ಕಳ್ಳತನ ಬಹಳವೇ?" ಎಂದು ನನ್ನನ್ನೇ ಕೇಳಿದಳು. ಊಟದ ಮನೆಯಲ್ಲಿ ಸೂಪು ಬಂತು. ಇದರಲ್ಲಿ ಮಾಂಸವಿದೆಯೇ ಎಂದರೆ ಅಡುಗೆಯವಳು ಎದೆಯ ಮೇಲೆ ಕೈಯಿಟ್ಟು ಇಲ್ಲವೆಂದಳು. ಸ್ವಲ್ಪ ಹಂದಿಯ ತೊಡೆಯ ತುಂಡು ಮಾತ್ರ, ಅದು ಬರೀ ರುಚಿಗೆ. ವಿಭೂತಿ ಹಚ್ಚುವ ಮನೆಯಿಂದ ಬಂದವಳು ನಾನು. ಅಂದಿನಿಂದ ಊರಿಂದ ತಂದಿದ್ದ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅವರ ಟೊಮೆಟೊ, ಇಷ್ಟರಲ್ಲೇ ದಿನ ತೆಗೆದೆ.

ನಮಗೆ ಪಾಠ ಹೇಳಿದ ಅಧ್ಯಾಪಕಿ ಅದೇ ಕಣಿವೆಯವಳು. ಬಹಳ ಹಿಂದೆ ಈ ಕಣಿವೆಗಾಗಿ ಇಬ್ಬರು ಕಾದಾಡಿದರು: ಸ್ಪೇನ್ ಕಡೆಯ ಒಬ್ಬ ಬಿಷಪ್, ಫ್ರಾನ್ಸ್ ಕಡೆಯ ಒಬ್ಬ ದೊರೆ. ಕಡೆಗೆ ೧೨೭೮ರಲ್ಲಿ ಕೂತು ಕರಾರು ಮಾಡಿಕೊಂಡರು. ಇಬ್ಬರೂ ಒಡೆಯರೇ, ಸಮಸಮ. ಜನ ಒಂದು ವರ್ಷ ಇವರಿಗೆ ಕಪ್ಪ ಕೊಡುವುದು, ಮರುವರ್ಷ ಅವರಿಗೆ. ಬಿಷಪ್ಪರಿಗೆ ಹಂದಿಯ ತೊಡೆ, ಗಿಣ್ಣು, ಜೀವಂತ ಕೋಳಿಗಳೂ ಸಲ್ಲುತ್ತಿದ್ದವು, ನಮ್ಮ ಕಾಲದವರೆಗೂ. ದೊರೆತನ ಹೋಗಿ ಫ್ರಾನ್ಸಿನಲ್ಲಿ ಅಧ್ಯಕ್ಷರು ಬಂದರು. ಆ ಪಾಲು ಅವರಿಗೆ ಬಂತು. ಇಂದಿಗೂ ಆ ದೇಶಕ್ಕೆ ಇಬ್ಬರು ಅರಸರು, ಇಬ್ಬರೂ ಬೇರೆ ಊರಿನವರು.

ನಾನು ಕೈ ಎತ್ತಿದೆ. "ಇಷ್ಟು ಸಣ್ಣ ಕಣಿವೆಯನ್ನು ಇಬ್ಬರಲ್ಲೊಬ್ಬರು ನುಂಗಿಹಾಕಲಿಲ್ಲ ಏಕೆ?"

"ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ನಂಬಿಕೆಯಿರಲಿಲ್ಲ. ಒಬ್ಬ ಬಾಯಿ ತೆರೆದರೆ ಇನ್ನೊಬ್ಬ ಕಾಯುತ್ತಿದ್ದ. ಅದಕ್ಕೇ ನಾವು ಉಳಿದೆವು" ಎಂದಳು.

ಆ ದಿನ ಫೋನಿನಲ್ಲಿ ಅವ್ವನಿಗೆ ಇದನ್ನು ಹೇಳಿದೆ.

"ಇಬ್ಬರ ಯಜಮಾನರಾ? ಅವರಿಗಿ ಒಬ್ಬರ ಸಾಕಾಗಿಲ್ಲೇನ್ ಬೇ?" ಎಂದಳು ಅವ್ವ. ನಂತರ, "ನಿಮ್ಮ ಮುತ್ಯಾನೂ ಹಂಗೇ ಅಂತಿದ್ದ. ಹೊಳಿ ಈ ದಂಡಿಗಿ ನಿಜಾಮನ ಮಂದಿ ಬಂದ್ರ ಹೌದ್ರಿ, ಆ ದಂಡಿಗಿ ಮರಾಠಿ ಮಂದಿ ಬಂದ್ರ ಹೋಯ್ ಜೀ. ಹಂಗಂದವರೇ ಉಳದಾರ ನೋಡು. ಚಂಚಿ ಎಲ್ಲದ?"

"ಸೊಂಟದಾಗ ಅದ."

ಮೂರನೆಯ ದಿನ ನಮ್ಮನ್ನು ಒಂದು ಹಳೆಯ ಕಲ್ಲಿನ ಮನೆಗೆ ಕರೆದೊಯ್ದರು. ಕಣಿವೆಯ ಹಿರಿಯರು ನೂರಾರು ವರ್ಷ ಸಭೆ ಕೂಡುತ್ತಿದ್ದ ಮನೆ. ಕೆಳಗೆ ಹೇಸರಗತ್ತೆ ಕಟ್ಟುತ್ತಿದ್ದರಂತೆ, ಮೇಲೆ ಸಭೆ. ಅಲ್ಲಿ ಗೋಡೆಗೆ ಹೊಂದಿಸಿದ ಮರದ ಕಪಾಟು, ಅದಕ್ಕೆ ಏಳು ಬೀಗ. ದೇಶದಲ್ಲಿರುವುದು ಏಳು ಪ್ಯಾರಿಷ್, ಅಂದರೆ ನಮ್ಮ ಹೋಬಳಿಯಂಥವು. ಒಂದೊಂದು ಪ್ಯಾರಿಷಿನ ಹಿರಿಯನ ಕೈಯಲ್ಲಿ ಒಂದೊಂದು ಕೀಲಿಕೈ. ದೇಶದ ಹಳೆಯ ಕಾಗದಗಳೆಲ್ಲ ಆ ಕಪಾಟಿನಲ್ಲಿ. ಎಲ್ಲರೂ ಬಂದು ನಿಂತರೆ ಮಾತ್ರ ತೆರೆಯುತ್ತಿತ್ತು. ಮೊದಲು ಆರೇ ಬೀಗಗಳಿದ್ದವು. ಏಳನೆಯ ಪ್ಯಾರಿಷ್ ಇತ್ತೀಚೆಗೆ ಬೇರೆಯಾದಾಗ ಅದರದೂ ಒಂದು ಸೇರಿತು.

ನನ್ನ ಬಾಯಿಂದ ಬಂದ ಮೊದಲ ಪ್ರಶ್ನೆ: "ಯಾರು ಕದ್ದಿದ್ದರು?"

"ಯಾರೂ ಕದ್ದಿರಲಿಲ್ಲ" ಎಂದಳು ಅಧ್ಯಾಪಕಿ.

"ಯಾರೂ ಕದಿಯದಿದ್ದರೆ ಇಷ್ಟೊಂದು ಬೀಗ ಯಾಕೆ?"

"ಇಷ್ಟೊಂದು ಬೀಗ ಇದ್ದುದಕ್ಕೇ ಯಾರೂ ಕದಿಯಲಿಲ್ಲ."

"ಒಬ್ಬನಿಗೆ ಜ್ವರ ಬಂದು ಮಲಗಿದರೆ?"

"ಕಪಾಟು ಕಾಯುತ್ತಿತ್ತು."

ಬೇರೆಯವರು ಚಿತ್ರ ತೆಗೆದುಕೊಂಡು ಮುಂದಿನ ಕೋಣೆಗೆ ಹೋದರು. ನಾನು ಅಲ್ಲೇ ನಿಂತೆ. ಇಷ್ಟು ನಾಚಿಕೆಯಿಲ್ಲದೆ ತಮ್ಮ ಸಂಶಯವನ್ನು ಕಬ್ಬಿಣದಲ್ಲಿ ಮಾಡಿ ಗೋಡೆಗೆ ಹಾಕಿದ ಜನರನ್ನು ನಾನು ಮೊದಲು ನೋಡಿರಲಿಲ್ಲ. ನಮ್ಮಲ್ಲಿ ಸಂಶಯ ಪಟ್ಟವನೇ ತಲೆ ತಗ್ಗಿಸಬೇಕು.

ಫೋನಿನಲ್ಲಿ ಹೇಳಿದೆ. "ಅವ್ವಾ, ಈ ಮಂದಿ ನಮ್ಮಂಗೇ ಅದಾರ."

"ಹಂಗಾರ ಹುಷಾರಿಂದ ಇರು" ಎಂದಳು.

ತೊಡಕು ಶುರುವಾದದ್ದು ಎರಡನೆಯ ವಾರ. ಒಬ್ಬೊಬ್ಬರೂ ಒಂದೊಂದು ಹಳೆಯ ಪತ್ರದ ಮೂಲವನ್ನೇ ಕೈಯಲ್ಲಿ ಹಿಡಿದು ನೋಡಿ, ಅದರ ವಿವರವನ್ನು ಎರಡು ಪುಟ ಬರೆದು ಶುಕ್ರವಾರ ಮಧ್ಯಾಹ್ನದೊಳಗೆ ಒಪ್ಪಿಸಬೇಕು. ಒಪ್ಪಿಸಿದವರಿಗೆ ಸರ್ಟಿಫಿಕೇಟು, ಇಲ್ಲದವರಿಗಿಲ್ಲ. ಆ ಪತ್ರಗಳಿದ್ದ ಕಚೇರಿಗೆ ಸೋಮವಾರ ಹೋದೆವು. ಬಾಗಿಲಲ್ಲಿದ್ದ ತರುಣ ನೌಕರ ಕೈ ಚಾಚಿದ. ಒಳಗೆ ಇರುವಷ್ಟು ಹೊತ್ತು ಓದುಗರ ಪಾಸ್‌ಪೋರ್ಟು ಅವನ ಬಳಿ ಇರಬೇಕು, ಹೊರಗೆ ಬರುವಾಗ ವಾಪಸು. ಎಲ್ಲರೂ ಕೊಟ್ಟರು. ಅವನು ಎಲ್ಲವನ್ನೂ ಹಿಂದಿದ್ದ ಒಂದು ಮರದ ತಟ್ಟೆಗೆ ಹಾಕಿದ. ಮುಚ್ಚಳವಿಲ್ಲದ ತಟ್ಟೆ. ತಟ್ಟೆಯ ಮೇಲೆ ಕಿಟಕಿ. ಕಿಟಕಿ ತೆರೆದಿತ್ತು.

"ಝೆರಾಕ್ಸ್ ಕೊಡುತ್ತೇನೆ" ಎಂದೆ.

"ಮೂಲ ಬೇಕು."

"ರಸೀದಿ ಕೊಡಿ, ಕೊಡುತ್ತೇನೆ."

"ರಸೀದಿಯ ಪದ್ಧತಿಯಿಲ್ಲ ಮೇಡಂ. ಇಲ್ಲಿ ಯಾರೂ ಕದಿಯುವುದಿಲ್ಲ."

"ನಿಮ್ಮ ಹಿರಿಯರು ಏಳು ಬೀಗ ಹಾಕಿದ್ದನ್ನು ಹೋದ ವಾರವಷ್ಟೇ ನೋಡಿ ಬಂದಿದ್ದೇನೆ" ಎಂದೆ. ಅವನ ಕಿವಿ ಕೆಂಪಾಯಿತು. ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ.

ಸೋಮವಾರ ಕೂತೆ, ಮಂಗಳವಾರವೂ ಕೂತೆ. ಪೋರ್ಚುಗಲ್ಲಿನವಳು ಸಂಜೆ ಹೊರಬಂದು ಸನ್ಯಾಸಿಗಳ ಯಾವುದೋ ದಾನಪತ್ರದ ವರ್ಣನೆ ಹೇಳುತ್ತಿದ್ದಳು. ಅಧ್ಯಾಪಕಿ ನನ್ನ ಬದಲು ತನ್ನ ಗುರುತಿನ ಚೀಟಿ ಇಡಲು ಹೋದಳು. ಓದುವವರದೇ ಆಗಬೇಕೆಂದು ಒಳಗಿನಿಂದ ಉತ್ತರ ಬಂತು. ನಾನು ಮಾಡುತ್ತಿರುವುದು ಹುಚ್ಚುತನವೆಂದು ನನಗೂ ಗೊತ್ತಿತ್ತು. ನೌಕರಿ ಹೋಗುತ್ತದೆ, ಪ್ರಿನ್ಸಿಪಾಲರ ಲಿಸ್ಟು ಕಣ್ಣ ಮುಂದಿದೆ. ಆದರೂ ಕೈ ಚಂಚಿಯ ಲಾಡಿಯವರೆಗೆ ಹೋಗಿ ಅಲ್ಲೇ ನಿಲ್ಲುತ್ತಿತ್ತು. ಮೆಟ್ಟಿಲ ಮೇಲೆ ಕೂತಾಗ ಅಪ್ಪನೇ ನೆನಪಾಗುತ್ತಿದ್ದ. ಅವನೂ ಹೀಗೇ ಕಚೇರಿಯ ಮೆಟ್ಟಿಲ ಮೇಲೆ ಕೂತಿದ್ದವನು, ಕೊಟ್ಟು ಕೂತಿದ್ದ. ನಾನು ಕೊಡದೆ ಕೂತಿದ್ದೆ. ಮೆಟ್ಟಿಲು ಮಾತ್ರ ತಪ್ಪಿರಲಿಲ್ಲ.

ಮಂಗಳವಾರ ಅವ್ವನಿಗೆ ಹೇಳಿದೆ. ಬೈಯುತ್ತಾಳೆಂದುಕೊಂಡಿದ್ದೆ.

"ಕೊಡಬ್ಯಾಡ" ಎಂದಳು ಮೊದಲು. ನಂತರ ಕೇಳಿದಳು. "ಕೊಡಲಿಲ್ಲಂದ್ರ ಸರ್ಟಿಫಿಕೇಟ್ ಇಲ್ಲಂದೇನು?"

"ಇಲ್ಲ."

ಅವ್ವ ಒಲೆಯ ಕಟ್ಟಿಗೆಯನ್ನು ಹಿಂದಕ್ಕೆ ಜಗ್ಗಿದ ಸಪ್ಪಳ ಕೇಳಿತು.

"ನಮ್ಮ ದೊಡ್ಡ ಕೊಪ್ಪರಿಗಿ ಮಂದಿ ಲಗ್ನಕ್ಕ ಒಯ್ತಾರಲ್ಲ, ಕೊಡೂ ಮುಂದ ನಾ ಏನ್ ಮಾಡ್ತೇನಿ?"

"ಅವರ ಮನಿ ನೀರಿನ ಕೊಡ ಇಟಗೊಂತಿ."

"ಯಾಕ?"

"ಕೊಪ್ಪರಿಗಿ ತಿರುಗಿ ಬರ್ಲಿ ಅಂತ."

"ಅಷ್ಟಕ್ಕೇ ಅಲ್ಲ. ಕೊಡ ಇಲ್ಲಂದ್ರ ಅವರಿಗಿ ಮುಂಜಾನಿ ನಡ್ಯಾಂಗಿಲ್ಲ. ನನಗ ಕೊಪ್ಪರಿಗಿ ಚಿಂತಿ, ಅವರಿಗಿ ಕೊಡದ ಚಿಂತಿ. ಇಬ್ಬರಿಗೂ ಚಿಂತಿ ಇದ್ರ ಯಾರೂ ಯಾರಿಗೂ ಸಿಟ್ಟ ಆಗೂದಿಲ್ಲ. ನೀ ಕೊಡು. ಅವರ ಕಡಿಂದೂ ಒಂದ ಇಸಗೋ."

ನಮ್ಮೂರಿನಲ್ಲಿ ಇದು ದಿನದ ಮಾತು. ಲಿಂಗಾಯತರ ಮನೆಯಿಂದ ಕುರುಬರ ಮನೆಗೆ, ಅವರ ಮನೆಯಿಂದ ಇನ್ನೊಬ್ಬರ ಮನೆಗೆ ಹೀಗೆ ಕೊಡಗಳು ಓಡಾಡುತ್ತವೆ; ಒತ್ತೆ ಇಟ್ಟದ್ದು ಎಂದು ಯಾರೂ ಮುಖ ತಿರುವುವುದಿಲ್ಲ. ಆದರೆ ಒಂದು ದೇಶದ ಸರಕಾರಿ ಕಚೇರಿಗೆ ಹೋಗಿ, ನನ್ನದನ್ನು ಇಟ್ಟುಕೊಳ್ಳುತ್ತೀರಾದರೆ ನಿಮ್ಮದೊಂದು ಕೊಡಿ ಎಂದು ಕೇಳುವುದು ಹೇಗೆ? ಬುಧವಾರ ಹೋಗಿ ಕೇಳಿದೆ.

ತರುಣ ನೌಕರ ನಕ್ಕುಬಿಟ್ಟ. ಒಳಗಿನಿಂದ ಒಬ್ಬ ಮುದುಕಿ ಬಂದಳು, ಆ ಕಾಗದಗಳಿಗೆಲ್ಲ ಮೇಲ್ವಿಚಾರಕಿ. ಅರವತ್ತು ದಾಟಿತ್ತು, ಕುರಿಯುಣ್ಣೆಯ ಅಂಗಿ, ಕೈಗಳು ಹೊಲ ಮಾಡಿದವರ ಕೈಗಳಂತಿದ್ದವು. ಎರಡು ದಿನ ಮೆಟ್ಟಿಲ ಮೇಲೆ ಕೂತಿದ್ದ ನನ್ನನ್ನು ಅವಳು ಗಾಜಿನಿಂದ ನೋಡುತ್ತಿದ್ದುದು ನನಗೆ ಗೊತ್ತಿತ್ತು. ಅವಳ ನೋಟದಲ್ಲಿ ಮರುಕವಿರಲಿಲ್ಲ. ಸಂತೆಯಲ್ಲಿ ಗುರುತಿಲ್ಲದವರ ದನ ನೋಡುವ ಹಾಗೆ ನೋಡುತ್ತಿದ್ದಳು. ಅವಳು ನಗಲಿಲ್ಲ. ನನ್ನ ಮುರುಕು ಇಂಗ್ಲಿಷಿನಲ್ಲಿ ಕೊಪ್ಪರಿಗೆ ಮತ್ತು ಕೊಡದ ಕತೆಯನ್ನು ಪೂರ್ತಿ ಕೇಳಿಸಿಕೊಂಡಳು.

"ನಿಮ್ಮ ತಾಯಿ ನೀರಿನ ಕೊಡವನ್ನೇ ಯಾಕೆ ಇಟ್ಟುಕೊಳ್ಳುತ್ತಾರೆ? ಬೆಳ್ಳಿ ಬಂಗಾರ ಏಕಲ್ಲ?"

"ಬಂಗಾರವಿಲ್ಲದೆ ಮರುದಿನ ನಡೆಯುತ್ತದೆ."

ಮುದುಕಿ ತಲೆಯಾಡಿಸಿದಳು. ತನ್ನ ಚೀಲದಲ್ಲಿ ಕೈಯಾಡಿಸಿ ಒಂದು ಉದ್ದನೆಯ ಕಬ್ಬಿಣದ ಕೀಲಿಕೈ ತೆಗೆದು ಮೇಜಿನ ಮೇಲಿಟ್ಟಳು. "ನನ್ನ ಮನೆಯದು. ಮೇಲಿನ ಊರಲ್ಲಿದೆ, ನಾನೊಬ್ಬಳೇ ಇರುವುದು. ಇನ್ನೊಂದು ಕೀಲಿಕೈ ಇಲ್ಲ."

ನಾನು ಚಂಚಿ ಬಿಚ್ಚಿದೆ. ಪಾಸ್‌ಪೋರ್ಟು ಹೊರಗೆ, ಕೀಲಿಕೈ ಒಳಗೆ. ಸುಳ್ಳು ಹೇಳುವುದಿಲ್ಲ, ಆಗಲೂ ನನ್ನ ತಲೆಯಲ್ಲಿ ಬಂದದ್ದು ಇದೇ: ಇದು ನಿಜಕ್ಕೂ ಅವಳ ಮನೆಯದೇ, ಅಥವಾ ಹಳೆಯ ಯಾವುದೋ ಉಪಯೋಗವಿಲ್ಲದ್ದೇ?

ನನಗೆ ಬಂದ ಪತ್ರ ಅಂಗೈಗಿಂತ ಸ್ವಲ್ಪ ದೊಡ್ಡದಾದ ಒಂದು ಚರ್ಮದ ಹಾಳೆ. ಎರಡು ಊರುಗಳು ಬೇಸಿಗೆಯ ಹುಲ್ಲುಗಾವಲನ್ನು ಹಂಚಿಕೊಂಡ ಕರಾರು. ಲ್ಯಾಟಿನ್ ನನಗೆ ಬಾರದು, ಅಧ್ಯಾಪಕಿ ಓದಿ ಹೇಳಿದಳು. ನನ್ನ ಕಣ್ಣು ಮಾತ್ರ ಹಾಳೆಯ ಮೇಲಂಚಿನಿಂದ ಕದಲಲಿಲ್ಲ. ಅಲ್ಲಿ ದೊಡ್ಡ ದೊಡ್ಡ ಅಕ್ಷರಗಳ ಕಾಲುಗಳಷ್ಟೇ ಇದ್ದವು, ತಲೆಯಿರಲಿಲ್ಲ. ಅಂಚು ಹಾವಿನಂತೆ ಡೊಂಕಾಗಿ ಕತ್ತರಿಸಿತ್ತು. ಅದು ಆ ಕಾಲದ ಪದ್ಧತಿ: ಒಂದೇ ಚರ್ಮದ ಮೇಲೆ ಅದೇ ಕರಾರನ್ನು ಮೇಲೊಮ್ಮೆ ಕೆಳಗೊಮ್ಮೆ ಬರೆದು, ನಡುವೆ ಎ ಬಿ ಸಿ ಎಂದು ದೊಡ್ಡದಾಗಿ ಬರೆದು, ಆ ಅಕ್ಷರಗಳ ನಡುವೆಯೇ ಡೊಂಕಾಗಿ ಕೊಯ್ದು, ಅರ್ಧ ಅವರಿಗೆ ಅರ್ಧ ಇವರಿಗೆ. ಮುಂದೆ ಜಗಳ ಬಂದರೆ ಎರಡೂ ತುಂಡು ಜೋಡಿಸಬೇಕು. ಅಕ್ಷರ ಕೂಡಿದರೆ ನಿಜ, ಕೂಡದಿದ್ದರೆ ಯಾರೋ ಸುಳ್ಳು ಬರೆದಿದ್ದಾರೆ. ತನ್ನ ಕಾಗದ ನಿಜವೆಂದು ತೋರಿಸಲು ಮನುಷ್ಯ ತಾನು ನಂಬದ ನೆರೆಯವನ ಹತ್ತಿರವೇ ಹೋಗಬೇಕು. ಅಪ್ಪನ ಕಾಗದವನ್ನೂ ಯಾರಾದರೂ ಹೀಗೆ ಕೊಯ್ದು ಅರ್ಧ ಅವನ ಕೈಗೆ ಕೊಟ್ಟಿದ್ದರೆ ಎಂದು ಅನಿಸಿತು. ಅಲ್ಲಿ ಕೂತು ಅಳುವುದು ಬೇಡವೆಂದು ಅಂಚಿನ ಡೊಂಕುಗಳನ್ನು ಪೆನ್ಸಿಲಿನಿಂದ ನಕಲು ಮಾಡತೊಡಗಿದೆ.

ಐದು ಗಂಟೆಗೆ ತರುಣ ನೌಕರ ರೂಢಿಯಂತೆ ಎಲ್ಲರಿಗೂ ಪಾಸ್‌ಪೋರ್ಟು ಹಂಚಿದ. ನನಗೂ ಕೊಟ್ಟ. ತೆಗೆದುಕೊಂಡು, ಚಂಚಿಗೆ ತುರುಕಿ, ತಲೆಯಲ್ಲಿ ಆ ಕೊಯ್ದ ಅಕ್ಷರಗಳನ್ನೇ ತುಂಬಿಕೊಂಡು ಹೊರಟೆ. ವಸತಿಗೃಹಕ್ಕೆ ಹೋಗಿ ಟೊಮೆಟೊ ಹೆಚ್ಚುತ್ತಿದ್ದೆ. ಒಂದು ತಾಸಾಗಿರಬಹುದು, ಬಾಗಿಲು ಬಡಿದರು.

ಮುದುಕಿ ನಿಂತಿದ್ದಳು. ಗುಡ್ಡದ ಊರಿಗೆ ಬಸ್ಸು ಹತ್ತಿ ಹೋಗಿ, ಬಾಗಿಲ ಮುಂದೆ ನಿಂತು, ಮತ್ತೆ ಇಳಿದು ಬಂದಿದ್ದಳು.

"ನಾನು ನನ್ನ ಮನೆಯೊಳಗೆ ಹೋಗಬೇಕು" ಎಂದಳು.

ಚಂಚಿಯಲ್ಲಿ ಪಾಸ್‌ಪೋರ್ಟಿನ ಜೊತೆ ಕೀಲಿಕೈ ಇತ್ತು. ಎರಡೂ ನನ್ನಲ್ಲೇ. ಜೀವಮಾನವಿಡೀ ಬೇರೆಯವರ ಕೈ ಕಾಯುತ್ತ ಬಂದವಳು ನಾನು, ನನ್ನ ಕೈ ಕಾಯಲಿಲ್ಲ. ಲಾಡಿಯ ಗಂಟು ಬಿಗಿದುಕೊಂಡು ಬಿಚ್ಚಲಿಲ್ಲ. ಪೋರ್ಚುಗಲ್ಲಿನವಳು ಚಾಕು ಕೊಟ್ಟಳು. ಕ್ಷಮೆ ಕೇಳಿದೆ, ಎಷ್ಟು ಸಲವೆಂದು ನೆನಪಿಲ್ಲ. ಮುದುಕಿ ಕೀಲಿಕೈಯನ್ನು ಬೆಳಕಿಗೆ ಹಿಡಿದು ಅದೇ ಹೌದೇ ಎಂದು ನೋಡಿಕೊಂಡು ಮತ್ತೆ ಬಸ್ಸಿಗೆ ಹೊರಟಳು.

ಮುಗಿಯಿತು ಎಂದುಕೊಂಡೆ. ಇನ್ನು ಒಳಗೆ ಬಿಡುವುದಿಲ್ಲ. ಬರೆದದ್ದು ಅರ್ಧ ಪುಟ. ಹಾಳೆಯ ಬೆನ್ನು ನೋಡಿರಲೇ ಇಲ್ಲ. ಗುರುವಾರ ಬೆಳಿಗ್ಗೆ ಎಲ್ಲರಿಗಿಂತ ಹಿಂದೆ ಹೋಗಿ ನಿಂತೆ. ನನ್ನ ಸರದಿ ಬಂದಾಗ ಏನನ್ನೂ ಕೇಳದೆ ಪಾಸ್‌ಪೋರ್ಟನ್ನು ಆ ಮುಚ್ಚಳವಿಲ್ಲದ ತಟ್ಟೆಗೆ ನಾನೇ ಹಾಕಿದೆ. ಕಿಟಕಿ ತೆರೆದೇ ಇತ್ತು.

ಮುದುಕಿ ಒಳಗಿನಿಂದ ಬಂದು ಕೀಲಿಕೈಯನ್ನು ನನ್ನ ಮುಂದೆ ಇಟ್ಟಳು.

"ಬೇಡ" ಎಂದೆ.

"ಶುರುಮಾಡಿದವಳು ನೀನು. ಒಂದು ಬದಿಗೆ ಬಿಟ್ಟರೆ ಅದು ಕರಾರಲ್ಲ" ಎಂದಳು.

ಆದರೆ ಕೀಲಿಕೈಗೆ ಈ ಸಲ ದಾರದಿಂದ ಒಂದು ದೊಡ್ಡ ರಟ್ಟು ಕಟ್ಟಿತ್ತು, ಯಾವ ಚಂಚಿಗೂ ಹಿಡಿಸದಷ್ಟು ದೊಡ್ಡದು. ಅದರ ಮೇಲೆ ಅವಳ ಫೋನ್ ನಂಬರು. ಸಂಜೆ ಐದಕ್ಕೆ ಅವಳೇ ಬಾಗಿಲಲ್ಲಿ ನಿಂತು, ಎಡಗೈ ಚಾಚಿ ಕೀಲಿಕೈ ತೆಗೆದುಕೊಂಡು, ಬಲಗೈಯಿಂದ ಪಾಸ್‌ಪೋರ್ಟು ಕೊಟ್ಟಳು. ನನ್ನನ್ನು ಮತ್ತೆ ನಂಬಿದಳೆಂದು ನಾನು ಹೇಳುವುದಿಲ್ಲ. ನಂಬದೆಯೇ ಒಳಗೆ ಬಿಟ್ಟಳು.

ಶುಕ್ರವಾರ ಮಧ್ಯಾಹ್ನ ಎರಡು ಪುಟ ಒಪ್ಪಿಸಿದೆ. ಶನಿವಾರ ಸರ್ಟಿಫಿಕೇಟು ಕೊಟ್ಟರು. ನನ್ನದರ ಕೆಳಗೆ ಮುದುಕಿಯ ಸಹಿಯೂ ಇತ್ತು. ತಿರುಗಿ ಬಂದ ಮೇಲೆ ಜೇವರ್ಗಿಯಲ್ಲಿ ಪ್ರಿನ್ಸಿಪಾಲರು ಮೂಲವನ್ನೂ ಝೆರಾಕ್ಸನ್ನೂ ಪಕ್ಕಪಕ್ಕ ಇಟ್ಟು ಸಾಲು ಸಾಲಾಗಿ ನೋಡಿ, "ಅಂತೂ ತಂದ್ರಿ ಬಿಡ್ರಿ" ಎಂದು ಲಿಸ್ಟಿನಲ್ಲಿ ನನ್ನ ಹೆಸರಿನ ಮುಂದೆ ಟಿಕ್ ಹಾಕಿದರು. ನೌಕರಿ ಉಳಿಯಿತು.

ಆ ವಾರದ ಕೊನೆಗೆ, ಭಾನುವಾರ, ಅತನೂರಿಗೆ ಹೋದೆ. ದೊಡ್ಡಪ್ಪ ಕೈ ತೊಳೆದು, ದೋತರದ ಸೆರಗಿಗೆ ಒರೆಸಿಕೊಂಡು ಕೈ ಚಾಚಿದರು. ನಾನು ಸರ್ಟಿಫಿಕೇಟಿನ ತುದಿ ಹಿಡಿದುಕೊಳ್ಳದೆ ಪೂರ್ತಿ ಕೊಟ್ಟೆ. ಅವರು ಅದನ್ನು ಬಾಗಿಲ ಬೆಳಕಿಗೆ ಹಿಡಿದರು, ಹಿಂದೆ ಮುಂದೆ ತಿರುಗಿಸಿದರು, ಮುದ್ರೆಯ ಮೇಲೆ ಹೆಬ್ಬೆರಳು ಆಡಿಸಿದರು. ಓದಿ ಹೇಳು ಎಂದರು. ಕನ್ನಡ ಮಾಡಿ ಓದಿ ಹೇಳಿದೆ.

"ನಿಮ್ಮಪ್ಪನ ಹೆಸರ ಎಲ್ಲದ ಇದ್ರಾಗ?"

"ಇಲ್ಲರಿ. ಅಲ್ಲಿ ಅಪ್ಪನ ಹೆಸರ ಬರಿಯೂದಿಲ್ಲ."

ನನ್ನ ಎಲ್ಲ ಅಂಕಪಟ್ಟಿಗಳಲ್ಲೂ ನನ್ನ ಹೆಸರಿನ ಕೆಳಗೆ ಅಪ್ಪನ ಹೆಸರಿದೆ. ದೊಡ್ಡಪ್ಪ ಮತ್ತೊಮ್ಮೆ ಹುಡುಕಿದರು, ಬೆರಳಿಟ್ಟು, ಒಂದೊಂದು ಸಾಲೂ.

"ಅಪ್ಪನ ಹೆಸರಿಲ್ಲಂದ್ರ ಇಕಿ ಯಾರ ಮಗಳು ಅಂತ ಅವರಿಗಿ ಹ್ಯಾಂಗ ಗೊತ್ತು?"

ಅವ್ವ ಭಾವನ ಎದುರು ನಿಂತು ಮಾತಾಡುವವಳಲ್ಲ. ಏನಿದ್ದರೂ ಬಾಗಿಲ ಮರೆಯಿಂದ. ಅಂದು ಹಿಟ್ಟಿನ ಕೈಯಲ್ಲೇ ಪಡಸಾಲೆಗೆ ಬಂದಳು.

"ಗೊತ್ತಿಲ್ಲರಿ ಭಾವಾರ. ಗೊತ್ತಿರಲಾರದೇ ಕೊಟ್ಟಾರ. ಅಕಿದೊಂದೇ ಹೆಸರ ಇರ್ಲಿ ಬಿಡ್ರಿ, ಓದಿದಾಕಿ ಅಕಿ ಒಬ್ಬಾಕಿನೇ."